ಪೀಲು ಪುರಾಣ

ಆನೆಗೆ ನಮ್ಮ ಸಂಸ್ಕೃತ ಪಂಡಿತರು ಇಟ್ಟ ಹೆಸರುಗಳಲ್ಲಿ ತೂಕದವು ಬೇಕಾದಷ್ಟಿವೆ. ಕುಂಜರ, ಮಾತಂಗ, ವಾರಣ, ದಂತಿ ಎನ್ನುವಾಗಲೇ ಅಂಬಾರಿ ಅಲ್ಲಾಡಿದ ಹಾಗಾಗುತ್ತದೆ. ಇಂಥ ದೊಡ್ಡವರ ಪಂಕ್ತಿಯಲ್ಲಿ ಬಾಲ ಮುದುರಿಕೊಂಡು ಕೂತ ಎರಡಕ್ಷರದ ಹೆಸರೊಂದಿದೆ, ಪೀಲು ಅಂತ. ಯಾರದೋ ಮನೆಯ ಬೆಕ್ಕಿನ ಮರಿಯನ್ನು ಕರೆದಂತಿದೆ, ಅಲ್ಲವೇ? ಗಜ ಕಡಲು ದಾಟಿ ಮಲಯ್ ಭಾಷೆ ಸೇರಿತು, ಇಲ್ಲವೆನ್ನುವುದಿಲ್ಲ. ಪಡುವಣದ ಕಡೆ ದಿಗ್ವಿಜಯಕ್ಕೆ ಹೊರಟದ್ದು ಮಾತ್ರ ಪೀಲುವಿನ ಬಳಗವೇ.

ಮೊದಲು ಇದರ ಮನೆಯ ಗುಟ್ಟು ಕೇಳಿ. ಅಮರಕೋಶ ಇದಕ್ಕೆ ಒಂದು ಜಾತಿಯ ಮರ, ಆನೆ, ಬಾಣ, ಹೂವು ಎಂದು ಅರ್ಥ ಕೊಡುತ್ತದೆ. ಹೂವೂ ಆನೆಯೂ ಒಂದೇ ಸಾಲಿನಲ್ಲಿ! ಇಷ್ಟಕ್ಕೇ ಸುಸ್ತಾಗಬೇಡಿ. ಕಣಾದರ ವೈಶೇಷಿಕ ದರ್ಶನದವರಿಗೆ ಪೀಲು ಅಂದರೆ ಪರಮಾಣು. ಹಸಿ ಮಡಕೆಯನ್ನು ಆವಿಗೆಯಲ್ಲಿಟ್ಟು ಸುಟ್ಟಾಗ ಬೆಂದು ಬಣ್ಣ ಬದಲಿಸುವುದು ಮಡಕೆಯೋ, ಅದರ ಪರಮಾಣುಗಳೋ ಎಂದು ಅವರಿಗೂ ನೈಯಾಯಿಕರಿಗೂ ದೊಡ್ಡ ಜಗಳ. ಪರಮಾಣುವೇ ಬೇಯುತ್ತದೆ ಅನ್ನುವವರದು ಪೀಲುಪಾಕ, ಇಡೀ ಮಡಕೆ ಬೇಯುತ್ತದೆ ಅನ್ನುವವರದು ಪಿಠರಪಾಕ. ಅಂತೂ ಕಣ್ಣಿಗೆ ಬೀಳದ್ದಕ್ಕೂ ಪೀಲು, ಬೀಳದೆ ಇರಲು ಸಾಧ್ಯವೇ ಇಲ್ಲದ್ದಕ್ಕೂ ಪೀಲು. ಇಷ್ಟು ಧೈರ್ಯ ತಾರ್ಕಿಕರಿಗಲ್ಲದೆ ಇನ್ಯಾರಿಗೆ ಬಂದೀತು? ಪೀಲುಪಾಕ ಅಂದರೆ ಆನೆ ಹಾಕಿದ ಸಾರು ಎಂದುಕೊಂಡು ಪಾಠದ ನಡುವೆ ಎದ್ದುಹೋದ ಶಿಷ್ಯ ಒಬ್ಬನಾದರೂ ಇರಲೇಬೇಕು.

ಇನ್ನು ದೇಶಾಟನೆ. ಮೆಸೊಪಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ಆನೆ ಪೀರು ಅಥವಾ ಪೀಲು. ಪಾರಸಿಯಲ್ಲಿ ಪೀಲ್. ಅರಬ್ಬರ ನಾಲಗೆಗೆ ಪಕಾರ ಒಗ್ಗದು, ಹಾಗಾಗಿ ಅವರಲ್ಲಿ ಫೀಲ್. ಕುರಾನಿನ 105ನೆಯ ಅಧ್ಯಾಯದ ಹೆಸರೇ ಅಲ್-ಫೀಲ್. ಹೀಬ್ರೂ ಪಿಲ್ ಅಂದಿತು, ತುರ್ಕಿ ಫಿಲ್ ಅಂದಿತು, ಜಾರ್ಜಿಯಾದವರು ಮುಂದೊಂದು ಸಕಾರ ಕಟ್ಟಿ ಸ್ಪಿಲೊ ಅಂದರು. ಒಂದೇ ಒಂದು ಕಾಡಾನೆಯೂ ಇಲ್ಲದ, ಹಿಮ ಹೊದ್ದು ಮಲಗಿದ ಐಸ್‌ಲ್ಯಾಂಡಿನ ಭಾಷೆಯೂ ಇದೇ ಬಳಗದ ಪದವನ್ನು ಇಟ್ಟುಕೊಂಡಿದೆ. ಇತ್ತ ಪಾರಸಿ ಬಲ್ಲ ದೊರೆಗಳ ಜೊತೆ ಇದೇ ಪೀಲು ಹೊಸ ವೇಷ ಹಾಕಿಕೊಂಡು ಭಾರತಕ್ಕೆ ಮರಳಿತು. ಹೈದರಾಬಾದಿನ ಫೀಲ್‌ಖಾನಾ, ಢಾಕಾದ ಪೀಲ್‌ಖಾನಾ ಎರಡೂ ಆನೆ ಲಾಯದ ಹೆಸರುಗಳೇ.

ಹಾಗಾದರೆ ಪೀಲು ಮೂಲದಲ್ಲಿ ಯಾರ ಮನೆಯದು? 2021ರಲ್ಲಿ ಬಹತಾ ಅಂಶುಮಾಲಿ ಮುಖೋಪಾಧ್ಯಾಯ ಅವರು ಒಂದು ಪ್ರಬಂಧ ಪ್ರಕಟಿಸಿ, ಇದರ ಬೇರು ಹಲ್ಲು ಎಂಬ ಅರ್ಥದ ದ್ರಾವಿಡ ಪದದಲ್ಲಿದೆ, ಸಿಂಧೂ ನಾಗರಿಕತೆಯ ಜನ ಅದನ್ನು ಆಡುತ್ತಿದ್ದರು ಎಂದು ವಾದಿಸಿದರು. ತಮಿಳರ ಪಲ್, ತೆಲುಗರ ಪಲ್ಲು, ನಮ್ಮ ಹಲ್ಲು ಎಲ್ಲ ಅದೇ ಬೇರಿನವು. ಎಲ್ಲ ವಿದ್ವಾಂಸರೂ ಒಪ್ಪಿ ತಲೆದೂಗಿದ್ದಾರೆ ಎಂದುಕೊಳ್ಳಬೇಡಿ, ವಿದ್ವಾಂಸರು ಹಾಗೆಲ್ಲ ತಲೆದೂಗುವ ಜಾತಿಯಲ್ಲ. ನನಗಂತೂ ಹಿಡಿಸಿತು. ಪೀಲು ಎಂಬ ಮರ ಇದೆಯಲ್ಲ, ಅದರ ಕಡ್ಡಿಯಲ್ಲಿ ಜನ ಹಲ್ಲುಜ್ಜುತ್ತಾರೆ, ಮಿಸ್ವಾಕ್ ಅಂದರೆ ಅದೇ. ಮರಕ್ಕೂ ಆನೆಗೂ ಒಂದೇ ಹೆಸರು ಬಂದದ್ದು ಹಲ್ಲಿನ ದೆಸೆಯಿಂದ ಎಂದರೆ ಲೆಕ್ಕ ಸರಿಹೋಗುತ್ತದೆ. ವ್ಯಾಪಾರಿಗೆ ಬೇಕಿದ್ದದ್ದು ದಂತ ತಾನೇ? ಹಿಂದಿದ್ದ ಐದು ಟನ್ ಪ್ರಾಣಿಯನ್ನು ಕಟ್ಟಿಕೊಂಡು ಅವನಿಗೇನಾಗಬೇಕು? ಗ್ರೀಕರಲ್ಲೂ ಇದೇ ಕಥೆ. ಹೋಮರನ ಕಾವ್ಯಗಳಲ್ಲಿ ಎಲೆಫಾಸ್ ಅಂದರೆ ದಂತ, ಪ್ರಾಣಿಯ ಅರ್ಥ ಬಂದದ್ದು ಆಮೇಲೆ. ಇನ್ನೊಂದು ಮಾತು. ಅರಬ್ಬರು ಪಕಾರ ಇಲ್ಲದೆ ಫೀಲ್ ಅಂದರು, ನಾವಾದರೋ ಪಾಲನ್ನು ಹಾಲು ಮಾಡಿದವರು, ಪುಲಿಯನ್ನು ಹುಲಿ ಮಾಡಿದವರು. ಈ ಪದ ನಮ್ಮ ಕೈಗೆ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಹೀಲು ಆಗಿರುತ್ತಿತ್ತು. ಪುಣ್ಯಕ್ಕೆ ನಮಗೆ ಆನೆ ಇತ್ತು.

ಕಾಣದ ಪ್ರಾಣಿಗೆ ಹೆಸರಿಡುವವರ ಪಾಡು ಇನ್ನೂ ಚೆಂದ. ನಾಲ್ಕನೆಯ ಶತಮಾನದ ಗೋಥಿಕ್ ಬೈಬಲಿನಲ್ಲಿ ಉಲ್ಬಂದುಸ್ ಎಂಬ ಪದವಿದೆ. ಗ್ರೀಕರ ಎಲೆಫಾಸ್ ದಾರಿ ತಪ್ಪಿ ಹೀಗಾಯಿತು ಎಂದು ಬಲ್ಲವರು ಹೇಳುತ್ತಾರೆ. ಅರ್ಥ ಏನು ಗೊತ್ತೇ? ಒಂಟೆ! ಆನೆಯನ್ನೂ ನೋಡಿಲ್ಲ, ಒಂಟೆಯನ್ನೂ ನೋಡಿಲ್ಲ, ಎರಡೂ ದೂರದೇಶದ ದೊಡ್ಡ ಪ್ರಾಣಿಗಳು, ಯಾವ ಹೆಸರಾದರೇನು? ರಷ್ಯನ್ನರು ಇಂದಿಗೂ ಒಂಟೆಗೆ ವೆರ್‌ಬ್ಲ್ಯೂದ್ ಅನ್ನುವುದು ಇದೇ ಮನೆತನದ ಪದ. ಸೂಜಿಯ ಕಣ್ಣಲ್ಲಿ ತೂರುವ ಒಂಟೆಯ ಮಾತು ಬೈಬಲಿನಲ್ಲಿದೆಯಲ್ಲ, ಅಲ್ಲಿ ಗೋಥ್ ಜನ ಓದಿಕೊಂಡದ್ದು ಈ ಉಲ್ಬಂದುಸನ್ನೇ. ಬ್ಯಾಬಿಲೋನಿನ ಯಹೂದಿ ಪಂಡಿತರ ತಾಲ್ಮೂದ್‌ನಲ್ಲಿ ಸೂಜಿಯ ಕಣ್ಣಲ್ಲಿ ತೂರಲಾರದ ಪ್ರಾಣಿ ನೇರವಾಗಿ ಆನೆಯೇ, ನಮ್ಮ ಪೀಲುವಿನ ನೆಂಟನಾದ ಪೀಲಾ.

ಗೋಥ್ ಜನರನ್ನು ನೋಡಿ ನಗುವ ಮೊದಲು ನಿಮ್ಮ ಮನೆಯ ಚದುರಂಗದ ಮಣೆ ತೆಗೆಯಿರಿ. ಹಳೆಯ ಚತುರಂಗ ಬಲದಲ್ಲಿದ್ದದ್ದು ಆನೆ, ಕುದುರೆ, ರಥ, ಕಾಲಾಳು. ಈಗ ಮೂಲೆಯ ರಥ ಮಾಯ, ಆನೆಗೆ ಆ ಜಾಗಕ್ಕೆ ವರ್ಗ, ಆನೆಯ ಜಾಗದಲ್ಲಿ ಒಂಟೆ! ನಾಗರಹೊಳೆ, ಬಂಡೀಪುರ ಇಟ್ಟುಕೊಂಡವರು ನಾವು, ಮರಳುಗಾಡಿನ ಪ್ರಾಣಿ ಮಾತ್ರ ನಮ್ಮ ಮಣೆಯ ಮೇಲೆ. ಒಂಟೆಯನ್ನು ಆನೆಯ ಹೆಸರಿಂದ ಕರೆಯುವ ರಷ್ಯನ್ನರ ಮಣೆಯಲ್ಲಿ ಆ ಕಾಯಿ ಇಂದಿಗೂ ಸ್ಲೋನ್, ಅಂದರೆ ಆನೆ. ಸ್ಪೇನಿನವರು ಅರಬ್ಬರ ಅಲ್-ಫೀಲನ್ನು ಹಾಗೆಯೇ ಇಟ್ಟುಕೊಂಡು ಆಲ್ಫಿಲ್ ಅಂದರು. ಫ್ರಾನ್ಸಿನಲ್ಲಿ ಅದು ಫೂ, ಅಂದರೆ ವಿದೂಷಕ, ಹುಚ್ಚ. ಅರಬ್ಬರ ಕಾಯಿಯ ತಲೆಯ ಮೇಲೆ ದಂತದ ಗುರುತಿಗೆ ಎರಡು ಮೊನೆಗಳಿದ್ದವು. ಇಂಗ್ಲಿಷರಿಗೆ ಅದು ಪಾದ್ರಿಯ ಟೋಪಿಯಂತೆ ಕಂಡು ಆನೆ ಬಿಷಪ್ ಆಯಿತು ಅನ್ನುತ್ತಾರೆ. ಓರೆಯಾಗಿ ನಡೆಯುವವನಿಗೆ ಪಾದ್ರಿಯ ಪಟ್ಟ ಕಟ್ಟಿದ್ದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಚೀನೀ ಚದುರಂಗದಲ್ಲಿ ಆನೆ ಆನೆಯಾಗಿಯೇ ಉಳಿದಿದೆ, ಆದರೆ ಮಣೆಯ ನಡುವೆ ಒಂದು ನದಿ ಹರಿಯುತ್ತದೆ, ಆನೆ ಅದನ್ನು ದಾಟುವಂತಿಲ್ಲ. ಕಬಿನಿ ಹಿನ್ನೀರಿನ ಕಡೆ ಹೋದರೆ ದಯವಿಟ್ಟು ಈ ನಿಯಮವನ್ನು ಅಲ್ಲಿ ಯಾರ ಕಿವಿಗೂ ಹಾಕಬೇಡಿ. ಅಲ್ಲಿನವರ ಕಿವಿ ದೊಡ್ಡದು.