ಟಿನ್ ಫ್ಯಾಕ್ಟರಿ ಸ್ಥಳಪುರಾಣ

ಅರಮನೆಯುಳ್ಳ ಊರಿನವರಿಗೆ ವಾಕ್ಚಾತುರ್ಯದ ಅವಶ್ಯಕತೆಯಿಲ್ಲ. ಅತಿಥಿಯನ್ನು ಕರೆದೊಯ್ದು ಅರಮನೆಯ ಮುಂದೆ ನಿಲ್ಲಿಸಿ ತಾವು ಪಕ್ಕಕ್ಕೆ ಸರಿದರೆ ಸಾಕು, ಉಳಿದುದನ್ನು ದೀಪಾಲಂಕಾರವೇ ನೋಡಿಕೊಳ್ಳುತ್ತದೆ. ಬೆಟ್ಟವೋ, ಕೋಟೆಯೋ, ಕಡೆಗೆ ಒಂದು ಪಾಳು ಮಂಟಪವೋ ಇದ್ದರೂ ಆ ಊರಿನವನು ಬದುಕಿಕೊಂಡನು. ಆದರೆ ಬೆಂಗಳೂರಿನ ಟಿನ್ ಫ್ಯಾಕ್ಟರಿಯ ನೆರೆಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರು, ಅಕ್ಕನೊಡನೆ ಮೈಸೂರಿನಿಂದ ಬಂದ ಭಾವನವರು ಮಧ್ಯಾಹ್ನದ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, “ನಿಮ್ಮ ಕಡೆ ನೋಡತಕ್ಕದ್ದು ಏನಿದೆಯಯ್ಯ?” ಎಂದು ಕೇಳಿಬಿಟ್ಟರೆ, ನಾಲಗೆಯೊಂದನ್ನೇ ನಂಬಿಕೊಂಡು ಹೊರಡಬೇಕಾಗುತ್ತದೆ.

ಹೊರಟು ವೃತ್ತವನ್ನು ತಲಪಿದೊಡನೆಯೇ ಭಾವನವರು, “ಫ್ಯಾಕ್ಟರಿ ಎಲ್ಲಿ?” ಎಂದರು. ಬಂದವರೆಲ್ಲರೂ ಕೇಳುವ, ಇದ್ದವರಾರೂ ಬೆರಳು ಮಾಡಿ ಉತ್ತರಿಸಲಾರದ ಪ್ರಶ್ನೆ ಇದು. ಆದುದರಿಂದ ನಾನು ವೇದಾಂತದ ಆಶ್ರಯ ಪಡೆದೆನು. ಬೆಂಗಳೂರು ನಿರಾಕಾರವನ್ನು ಉಪಾಸಿಸುವ ನಗರವೆಂದೂ, ಮೆಜೆಸ್ಟಿಕ್ ಚಿತ್ರಮಂದಿರ ನೆಲಸಮವಾದ ಮೇಲೆಯೂ ಅದರ ನಾಮಧೇಯ ಒಂದು ಇಡೀ ಪ್ರದೇಶವನ್ನು ಆಳುತ್ತಿದೆಯೆಂದೂ, ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಿತ್ಯವೂ ಬಸ್ಸು ಹತ್ತುವ ಲಕ್ಷಾಂತರ ಜನರಲ್ಲಿ ಒಬ್ಬನಾದರೂ ನೀರೆಲ್ಲಿ ಎಂದು ಕೇಳಿದ್ದಿಲ್ಲವೆಂದೂ ನಿವೇದಿಸಿದೆನು. ಭಾವನವರು ನಿವೃತ್ತ ಲೆಕ್ಕಪರಿಶೋಧಕರು. ಸ್ಥಾವರ ಆಸ್ತಿಯನ್ನು ಕಣ್ಣಾರೆ ನೋಡದೆ ಟಿಪ್ಪಣಿ ಬರೆದವರಲ್ಲ.

ಕಣ್ಣಿಗೆ ಕಾಣುವುದರಿಂದಲೇ ಆರಂಭಿಸೋಣವೆಂದು ಅವರನ್ನು ಪೂರ್ವಾಭಿಮುಖವಾಗಿ ತಿರುಗಿಸಿ, 2003ರಲ್ಲಿ ಸಂಚಾರಕ್ಕೆ ತೆರೆದ ಕೃಷ್ಣರಾಜಪುರದ ತೂಗುಸೇತುವೆಯನ್ನು ತೋರಿಸಿದೆನು. ಎತ್ತರದ ಕಂಬದಿಂದ ಉಕ್ಕಿನ ಹಗ್ಗಗಳು ತಂಬೂರಿಯ ತಂತಿಗಳಂತೆ ಬಿಗಿದುಕೊಂಡು ಇಳಿದಿರುವ ಆ ದೃಶ್ಯ ನಿಜವಾಗಿಯೂ ಮನೋಹರವಾದುದು. ಶ್ರುತಿ ಹಿಡಿಯುವುದಕ್ಕೆ ಮಾತ್ರ ಲಾರಿಗಳ ಹಾರನ್ನು ಅವಕಾಶ ಕೊಡುವುದಿಲ್ಲ. ಪಶ್ಚಿಮಕ್ಕೆ ಎನ್‌ಜಿಇಎಫ್, ಟ್ರಾನ್ಸ್‌ಫಾರ್ಮರು, ಮೋಟಾರುಗಳನ್ನು ನಾಡಿಗೆಲ್ಲ ಒದಗಿಸಿ 2002ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ. ಸೇತುವೆಯಿಂದಾಚೆ ದೂರವಾಣಿನಗರ, 1948ರಲ್ಲಿ ಹುಟ್ಟಿದ ಐಟಿಐ. “ನಿಮ್ಮ ಹಜಾರದಲ್ಲಿ ಅಕ್ಕ ಹೆಣೆದ ಲೇಸಿನ ಬಟ್ಟೆ ಹೊದ್ದು ಕುಳಿತಿತ್ತಲ್ಲ ಭಾವ, ಆ ಕಪ್ಪು ಟೆಲಿಫೋನು, ಅದರ ತವರುಮನೆ” ಎಂದಾಗ ಅವರ ಮುಖದಲ್ಲಿ ಪ್ರಥಮಬಾರಿಗೆ ಬಾಂಧವ್ಯದ ಕಳೆ ಮೂಡಿತು.

ಇವೆಲ್ಲ ಪೂರ್ವಪೀಠಿಕೆ. ಓಡತಕ್ಕದ್ದನ್ನೆಲ್ಲ ನಿಲ್ಲಿಸುವುದೇ ಈ ಕ್ಷೇತ್ರದ ನಿಜವಾದ ಮಹಿಮೆ. ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಇಲ್ಲಿ ಸಂಧಿಸಿ, ಒಂದನ್ನೊಂದು ಮುಂದೆ ಹೋಗಗೊಡದೆ ನಿಲ್ಲುತ್ತವೆ. ನಮ್ಮ ಮೆಟ್ರೋ ಕೂಡ ಈ ಮಹಿಮೆಗೆ ಹೊರತಾಗಲಿಲ್ಲ. 2011ರಿಂದಲೇ ಬೈಯಪ್ಪನಹಳ್ಳಿಯವರೆಗೆ ಬಂದು ನಿಂತಿದ್ದ ಅದು, 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೆ ಅತ್ತಲಿಂದಲೂ ಓಡತೊಡಗಿತು. ನಡುವೆ ಉಳಿದದ್ದು ನಾವು. 1864ರಲ್ಲಿ ಜೋಲಾರ್‌ಪೇಟೆಯವರೆಗೆ ಹಾಕಿದ ರೈಲುಮಾರ್ಗದ ಮೇಲೆ ಉಕ್ಕಿನ ತೊಲೆ ಕೂರಿಸುವ ಕೆಲಸ ಮುಗಿದು ನಡುವಣ ಮಾರ್ಗ ತೆರೆಯುವವರೆಗೆ, ಅಂದರೆ ಅಕ್ಟೋಬರ್ 9ರವರೆಗೆ, ಆಕಾಶಮಾರ್ಗದಲ್ಲಿ ತಣ್ಣನೆಯ ಗಾಳಿ ಸೇವಿಸುತ್ತ ಬಂದ ಐಟಿ ಮಹನೀಯರೆಲ್ಲರೂ ಬೈಯಪ್ಪನಹಳ್ಳಿಯಲ್ಲಿ ಭೂಲೋಕಕ್ಕಿಳಿದು, ಬಿಎಂಟಿಸಿ ಬಸ್ಸಿನಲ್ಲಿ ಜೋತುಬಿದ್ದು, ಟಿನ್ ಫ್ಯಾಕ್ಟರಿಯ ಧೂಳನ್ನು ಶಿರದಲ್ಲಿ ಧರಿಸಿದ ಮೇಲೆಯೇ ಮತ್ತೆ ಸ್ವರ್ಗಾರೋಹಣ ಮಾಡಬೇಕಾಯಿತು. ಇಂಥ ಗೌರವ ಅರಮನೆಗೆ ಸಂದಿದೆಯೇ ಎಂದು ಕೇಳಬೇಕೆನಿಸಿತು. ಅತಿಥಿಸತ್ಕಾರದ ದೃಷ್ಟಿಯಿಂದ ಸುಮ್ಮನಾದೆನು.

ಕಡೆಯದಾಗಿ ಬಸ್ ನಿಲ್ದಾಣ. ನೆರಳಿನ ತಂಗುದಾಣದಲ್ಲಿ ಸೀಬೆಹಣ್ಣಿನ ಬುಟ್ಟಿಗಳೂ ನಡುರಸ್ತೆಯಲ್ಲಿ ಪ್ರಯಾಣಿಕರೂ ನಿಂತಿರತಕ್ಕದ್ದು ಇಲ್ಲಿಯ ಸಂಪ್ರದಾಯ. “ಕೋಲಾರ ಕೋಲಾರ ಕೋಲಾರ, ಹೋಗ್ತಾ ಇದೆ ಬನ್ನಿ” ಎಂದು ಬಸ್ಸಿನ ತಗಡನ್ನು ಬಡಿಯುತ್ತಿದ್ದ ಕಂಡಕ್ಟರು, ಬಸ್ಸು ಒಂದಂಗುಲವೂ ಕದಲದಿದ್ದರೂ, ಅದು ಹೋಗುತ್ತಿದೆಯೆಂಬ ಭಾವನೆಯನ್ನು ಕಾಲು ಗಂಟೆ ಜೀವಂತವಾಗಿಟ್ಟಿದ್ದನು. ಹಣ್ಣಿನವಳು ಭಾವನವರ ಮುಖ ನೋಡಿ ಮೊದಲು ತೆಲುಗಿನಲ್ಲಿ, ಅನಂತರ ತಮಿಳಿನಲ್ಲಿ, ಅವರು ಬಾಯಿ ತೆರೆದ ಮೇಲೆ ಕನ್ನಡದಲ್ಲಿ ಬೆಲೆ ಹೇಳಿದಳು. ಚೌಕಾಶಿ ಮೂರು ಭಾಷೆಗಳಲ್ಲಿಯೂ ನಡೆಯಲಿಲ್ಲ. ನಾಲ್ಕಾಗಿ ಸೀಳಿ ಉಪ್ಪುಖಾರ ಸವರಿದ ಹಣ್ಣನ್ನು ತಿಂದು, ಕಣ್ಣೊರಸಿಕೊಂಡು, “ಇದು ಚೆನ್ನಾಗಿದೆಯಯ್ಯ” ಎಂದರು. ಅಂದಿನ ಇಡೀ ಪ್ರವಾಸಕ್ಕೆ ದೊರೆತ ಪ್ರಶಸ್ತಿಪತ್ರ ಅದೊಂದೇ.

ಹಿಂದಿರುಗಲು ರಸ್ತೆ ದಾಟಬೇಕಾಗಿತ್ತು. ಬರುವಾಗ ತೆರೆದಿದ್ದ ಸಂದಿಗೆ ಅಷ್ಟರಲ್ಲಿ ಬ್ಯಾರಿಕೇಡು ಬಂದಿತ್ತು. ನಾವು ಮೂರನೆಯ ಸಲ ಹೆಜ್ಜೆ ಮುಂದಿಟ್ಟು ಹಿಂದೆಗೆದಾಗ ಮನೆಯಿಂದ ಅಕ್ಕನ ಫೋನು ಬಂದಿತು: ಡಿಕಾಕ್ಷನ್ ಆರಿಹೋಗುತ್ತಿದೆ, ಎಲ್ಲಿದ್ದೀರಿ? ವೃತ್ತಿಜೀವನವಿಡೀ ಒಂದು ಸುಳ್ಳು ಅಂಕಿಗೂ ರುಜು ಹಾಕದ ಭಾವನವರು, ಎದುರಿಗೆ ಹರಿಯುತ್ತಿದ್ದ ವಾಹನಪ್ರವಾಹವನ್ನು ಒಮ್ಮೆ ನೋಡಿ, ಅಳುಕಿಲ್ಲದೆ, “ಇಗೋ, ಗೇಟಿನ ಹತ್ತಿರವೇ ಇದ್ದೇವೆ, ಹಾಲು ಬಿಸಿಗಿಡು” ಎಂದರು.