ವೇಗದ ನೋಟ್ಸ್, ಚಿನ್ನಮನೂರು ಮಾದರಿ: ಬಳಕೆಯ ಕೈಪಿಡಿ

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮೇಷ್ಟ್ರ ಬಾಯಿಯ ವೇಗ ಮಾತ್ರ ತೇನಿ ಬಸ್ಸಿನದು. ಇಂಥ ಸ್ಥಿತಿಯ ವಿದ್ಯಾರ್ಥಿಗಳಿಗೆಂದೇ ಈ ಮಾದರಿಯನ್ನು ತಯಾರಿಸಲಾಗಿದೆ. ತಮಿಳುನಾಡಿನ ಕಂಬಂ ಕಣಿವೆಯ ಕಾಪಿಲಿಯ ಒಕ್ಕಲಿಗರ ಮನೆಗಳಲ್ಲಿ ಬಿಡಿಭಾಗಗಳೆಲ್ಲ ಮೊದಲೇ ಇರುತ್ತವೆ. ಕೊಳ್ಳಬೇಕಾದ್ದು ಒಂದು ಪೆನ್ನು.

ಹಂತ 1: ತಲೆ ಉಳಿಸಿ, ಬಾಲ ಕತ್ತರಿಸಿ

ಇಂಗ್ಲಿಷಿನವರ ಹಾಗೆ ಒಂಟಿ ಅಕ್ಷರಕ್ಕೆ ಕೈ ಹಾಕಬೇಡಿ. ಗುಣಿತದ ಸಮೇತ ಎತ್ತಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕುವೆಂಪು ಆದದ್ದು ಹೀಗೆಯೇ, ಊರ ಗೋಡೆಗಳ ಮೇಲೆ ತಿರಾವಿಡ ಮುನ್ನೇಟ್ರ ಕಳಗಂ ತಿ.ಮು.ಕ. ಆದದ್ದೂ ಹೀಗೆಯೇ. ಮೇಷ್ಟ್ರು 'ಒಳಿಚ್ಚೇರ್ಕ್ಕೈ' ಎಂದರೆ 'ಒ.ಚೇ.' ಎಂದು ಗೀಚಿ ಮುಂದೆ ಓಡಿ. ಅದನ್ನೇ ದ್ಯುತಿಸಂಶ್ಲೇಷಣೆ ಎಂದು ಬರೆಯುವ ಕರ್ನಾಟಕದ ಹುಡುಗರು ಇನ್ನೂ ಒತ್ತಕ್ಷರದಲ್ಲೇ ಇರುತ್ತಾರೆ.

ಎಚ್ಚರಿಕೆ: 'ಪೆ. ಪೆ.ಗೆ ಅಣೆ ಕಟ್ಟಿದ, 1895' ಎಂದು ಬರೆದುಕೊಳ್ಳಬೇಡಿ. ಬರೆಯುವಾಗ ಅದು ಎಂಜಿನಿಯರ್ ಪೆನ್ನಿಕ್ವಿಕ್ ಮತ್ತು ಪೆರಿಯಾರ್ ನದಿ. ಪರೀಕ್ಷೆಯ ಹಿಂದಿನ ರಾತ್ರಿ ನೋಡಿದರೆ, ಈರೋಡಿನ ಸಮಾಜ ಸುಧಾರಕ ಪೆರಿಯಾರ್ ತಮ್ಮ 16ನೇ ವಯಸ್ಸಿನಲ್ಲಿ ಅಣೆಕಟ್ಟು ಕಟ್ಟಿರುತ್ತಾರೆ.

ಹಂತ 2: ಕನ್ನಡದಲ್ಲಿ ಯೋಚಿಸಿ, ತಮಿಳು ಲಿಪಿಯಲ್ಲಿ ಬರೆಯಿರಿ

ಇದು ಈ ಮಾದರಿಯ ವಿಶೇಷ. ಪಕ್ಕದ ಬೆಂಚಿನವನು ಕದ್ದು ನೋಡಿದರೂ ಓದಬಲ್ಲ, ತಿಳಿಯಲಾರ. ಉಳಿತಾಯವೂ ಉಂಟು: ಕನ್ನಡದ 25 ವರ್ಗೀಯ ವ್ಯಂಜನಗಳ ಕೆಲಸವನ್ನು ತಮಿಳಿನ 10 ಅಕ್ಷರಗಳು ಮುಗಿಸುತ್ತವೆ. ಕ, ಖ, ಗ, ಘ ಎಲ್ಲಕ್ಕೂ ಒಂದೇ ಅಕ್ಷರ. 1837ರಲ್ಲಿ ಹೊರಬಂದ ಪಿಟ್ಮನ್ ಶೀಘ್ರಲಿಪಿಯೂ ಕ-ಗಕ್ಕೆ ಒಂದೇ ಗೆರೆ ಇಟ್ಟುಕೊಂಡಿದೆ. ಆದರೆ ಕ ತೆಳ್ಳಗೆ, ಗ ದಪ್ಪಗೆ. ತಮಿಳು ಆ ದಪ್ಪವನ್ನೂ ಕೇಳುವುದಿಲ್ಲ.

ಇದೇ ಚಿನ್ನಮನೂರಲ್ಲಿ ಸಿಕ್ಕ, ಪಾಂಡ್ಯ ರಾಜಸಿಂಹನ 10ನೇ ಶತಮಾನದ ತಾಮ್ರಪಟಗಳಲ್ಲಿ ಸಂಸ್ಕೃತಕ್ಕೆ ಗ್ರಂಥಲಿಪಿ, ತಮಿಳಿಗೆ ವಟ್ಟೆಳುತ್ತು. ಅರಸನಿಗೆ ತಾಮ್ರಕ್ಕೂ ಬರವಿಲ್ಲ, ಹೊತ್ತಿಗೂ ಬರವಿಲ್ಲ. ಭಾಷೆಗೊಂದು ಲಿಪಿ ಇಟ್ಟುಕೊಂಡ. ನಿಮಗಿರುವುದು ಒಂದು ಪೀರಿಯಡ್.

ಹಂತ 3: ಬರೆದದ್ದನ್ನು ಓದಿ

ಇಲ್ಲಿ ಸಾಧನ ಸ್ವಲ್ಪ ಬಿಸಿಯಾಗಬಹುದು. 'ಅಪ್ಪ ಗುಡಿಗೆ ಹೋದ' ಎಂದು ಬರೆದದ್ದು 'ಕುಡಿಗೆ ಹೋದ' ಎಂದೂ ಓದಿಸಿಕೊಳ್ಳುತ್ತದೆ. ಕುಡಿಯನ್ನು ಕುಡಿತವೆಂದೇ ಓದುವ ತಮಿಳು ಮೇಷ್ಟ್ರ ಕಣ್ಣಿಗೆ ಬಿದ್ದರೆ ಅಪ್ಪನ ಮಾನ ಹೋದಂತೆ. ಶಾಲೆಯ ಸುತ್ತ ತೂಗುವ 'ಬಾಳೆ' ಪುಸ್ತಕದೊಳಗೆ 'ಪಾಳೆ' ಆಗುತ್ತದೆ. ಪಾಳೈ ಎಂದರೆ ತಮಿಳರಿಗೆ ತೆಂಗು-ಅಡಿಕೆಯ ಹೊಂಬಾಳೆ. ಪಕಾರವನ್ನು ಹಕಾರ ಮಾಡಿಕೊಂಡ ನಮಗೆ ಅದೇ ಹಾಳೆ. ಹೀಗೆ ಬಾಳೆಯ ಪಾಠ ಹಾಳೆಯ ಮೇಲೆ ಹಾಳೆಯಾಗಿಯೇ ಉಳಿಯುತ್ತದೆ.

ದೋಷ ನಿವಾರಣೆ

ಗುಡಿಯೋ ಕುಡಿಯೋ ತಿಳಿಯದಿದ್ದರೆ, ಸಂಜೆ ಅಜ್ಜಿಯ ಪಕ್ಕ ಕೂತು ಗಟ್ಟಿಯಾಗಿ ಓದಿ. ಆಕೆಗೆ ಎರಡು ಲಿಪಿಯೂ ಬಾರದು. ಆದರೂ ನೀವು ತಪ್ಪಿದ ಕಡೆಯೆಲ್ಲ, ಎಲೆಗೆ ಸುಣ್ಣ ಹಚ್ಚುತ್ತಲೇ 'ಕುಡಿ ಅಲ್ವೋ, ಗುಡಿ' ಎನ್ನುತ್ತಾಳೆ. ನಿಮ್ಮ ಅಕ್ಷರಗಳು ಬಿಟ್ಟದ್ದೆಲ್ಲ ಆಕೆಯ ಬಾಯಲ್ಲಿ ದಾಸ್ತಾನಿದೆ.

ವಾರಂಟಿ: ಅಜ್ಜಿ ಇರುವ ತನಕ. ಈ ಭಾಗಕ್ಕೆ ಬದಲಿ ಸಿಗುವುದಿಲ್ಲ.