ಟ್ಯಾಕ್ಸೆಲ್ಲಾ ನಂದೇ ಸಾರ್!

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದೇವರಾಜ ಮಾರ್ಕೆಟ್ಟಲ್ಲಿ ಅರ್ಧ ಕೆಜಿ ಬೀನ್ಸ್ ತಗೊಂಡ ಮೇಲೆ ನಿಮ್ಮ ಕಣ್ಣು ಪಕ್ಕದ ಬುಟ್ಟಿಗೆ ಹೋಗುತ್ತೋ ಇಲ್ವೋ? 'ಎರಡೆಸಳು ಕರಿಬೇವು ಹಾಕಮ್ಮಾ' ಅಂತೀರೋ ಇಲ್ವೋ? ಅವಳೂ ನಗ್ತಾ ಹಾಕ್ತಾಳೆ. ಬೀನ್ಸಿಗೆ ಹತ್ತು ರೂಪಾಯಿ ಜಾಸ್ತಿ ತಗೊಂಡಿದ್ದು ಕಾಣಲ್ಲ, ಕರಿಬೇವು ಕಾಣುತ್ತೆ. (ನಾನೂ ಅದೇ ಜಾತಿ. ಇಲ್ದಿದ್ರೆ ಇಷ್ಟು ಕರಾರುವಾಕ್ಕಾಗಿ ಹೆಂಗೆ ಹೇಳ್ತಿದ್ದೆ?)

ಈಗ ಅದೇ ಕರಿಬೇವನ್ನ ಎಪ್ಪತ್ತು ಲಕ್ಷದ ಮನೆ ಪಕ್ಕದಲ್ಲಿ ಇಟ್ಟು ನೋಡಿ. ಆಗ್ಲೂ ನೀವು ಕರಿಬೇವನ್ನೇ ನೋಡ್ತೀರಿ. ಪಂಥ ಕಟ್ತೀರಾ?

ನಮ್ಮ ಅಕ್ಕ-ಭಾವ ಮನೆ ನೋಡೋಕೆ ಹೊರಟಾಗ ನನ್ನನ್ನೂ ಎಳ್ಕೊಂಡು ಹೋದ್ರು. ಮೈಸೂರಿನ ಜೆ.ಪಿ. ನಗರದ ಕಡೆ, ಇಪ್ಪತ್ತು-ಮೂವತ್ತರ ಸೈಟು, ಮೇಲೊಂದು ರೂಮು, ಹಿತ್ತಲಲ್ಲಿ ಕುಂಡಗಳು. ಯಜಮಾನರು ರಿಟೈರಾದವರು, ಬಲೇ ಮಾತುಗಾರರು. ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ನಾವು ಮೊದಲ ಗುಟುಕು ನುಂಗೋವರೆಗೂ ಕಾದು ಬಾಣ ಬಿಟ್ರು: 'ಎಪ್ಪತ್ತರಲ್ಲಿ ಒಂದು ರೂಪಾಯಿ ಇಳಿಸಲ್ಲ. ಆದ್ರೆ ಟ್ಯಾಕ್ಸೆಲ್ಲಾ ನಂದೇ ಸಾರ್! ಬಾಕಿ ಕಂದಾಯ ನಂದು, ರಿಜಿಸ್ಟ್ರೇಶನ್ ಖರ್ಚೂ ನಂದು.'

ಭಾವನ ಮುಖ ನೋಡ್ಬೇಕಿತ್ತು ನೀವು. ಮಗನಿಗೆ ಮೆಡಿಕಲ್ ಸೀಟು ಸಿಕ್ಕಿದಾಗಲೂ ಅಷ್ಟು ಅರಳಿರಲಿಲ್ಲ. ಟೋಕನ್ ಅಡ್ವಾನ್ಸ್ ಕಳಿಸೋಕೆ ಮೊಬೈಲು ಆಗ್ಲೇ ಜೇಬಿಂದ ಆಚೆ ಬಂದಿತ್ತು. (ನಗಬೇಡಿ. ನಿಮ್ಮದೂ ಬಂದಿರೋದು.)

ಅಕ್ಕ ಮಾತ್ರ ಕಾಫಿ ಕೆಳಗಿಟ್ಟಳು. 'ಕಂದಾಯ ಬಾಕಿ ಎಷ್ಟಿದೆ ಸಾರ್?' 'ಮೂರು ವರ್ಷದ್ದಮ್ಮ.' 'ಅದು ಹೆಂಗಿದ್ರೂ ನಿಮ್ಮದೇ ಅಲ್ವಾ?' ಅಂದಳು ಮೆತ್ತಗೆ. ನಿಜ ಕಣ್ರೀ! ಬೇರೆ ಒಪ್ಪಂದ ಇಲ್ದಿದ್ರೆ, ಮಾರಾಟದ ದಿನದವರೆಗಿನ ಸರ್ಕಾರಿ ಬಾಕಿ ಮಾರೋನೇ ಕಟ್ಟಬೇಕು ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಇದೆ. ತನ್ನ ಸಾಲ ತಾನು ತೀರಿಸೋದನ್ನ ನಮಗೆ ಉಡುಗೊರೆ ಅಂತ ಕೊಡ್ತಿದ್ದರು ಮಹಾನುಭಾವರು. ನಾವು ಥ್ಯಾಂಕ್ಸ್ ಬೇರೆ ಹೇಳಿದ್ವಿ.

ಫ್ಲ್ಯಾಟು ಹುಡುಕ್ತಿರೋರು ಇಲ್ಲಿ ಸ್ವಲ್ಪ ಹತ್ರ ಬನ್ನಿ. 'ನೋ ಜಿಎಸ್‌ಟಿ!' ಅಂತ ಕಾರಿನಷ್ಟು ದೊಡ್ಡ ಬೋರ್ಡು ನೋಡಿದ್ದೀರಲ್ಲ? ಕಟ್ಟುತ್ತಿರೋ ಫ್ಲ್ಯಾಟಿಗೆ 5 ಪರ್ಸೆಂಟ್ ಜಿಎಸ್‌ಟಿ, ಅಗ್ಗದ ಮನೆಗಳ ಲೆಕ್ಕಕ್ಕೆ ಬಂದ್ರೆ 1. 2019ರ ಏಪ್ರಿಲ್‌ನಿಂದ ಹಂಗಿದೆ. ಕಂಪ್ಲೀಶನ್ ಸರ್ಟಿಫಿಕೇಟ್ ಬಂದ ಮೇಲೆ ಮಾರೋ ಫ್ಲ್ಯಾಟಿಗೆ ಜಿಎಸ್‌ಟಿಯೇ ಇಲ್ಲ. ಇಲ್ಲದ ಟ್ಯಾಕ್ಸನ್ನ ಬಿಲ್ಡರು ಮಾಫಿ ಮಾಡ್ತಾನೆ, ನೀವು ಹೆಂಡತಿಗೆ ಫೋಟೋ ತೆಗೆದು ಕಳಿಸ್ತೀರಿ!

ಆದ್ರೆ ರಿಜಿಸ್ಟ್ರೇಶನ್ ಖರ್ಚಿನ ಮಾತು ಹಂಗಲ್ಲ. ಬೇರೆ ಒಪ್ಪಂದ ಇಲ್ದಿದ್ರೆ ಸ್ಟ್ಯಾಂಪ್ ಡ್ಯೂಟಿ ಕೊಳ್ಳೋನ ತಲೆ ಮೇಲೇ. ಅದನ್ನ ಯಜಮಾನರು ಹೊರ್ತೀನಿ ಅಂದ್ರೆ ಉಪಕಾರವೇ. ಎಷ್ಟು ಉಪಕಾರ? ಅಕ್ಕ ಬ್ಯಾಗಿಂದ ಯಾರದೋ ಮದುವೆ ಕಾಗದ ತೆಗೆದು ಹಿಂದೆ ಬರೆದಳು. ಸ್ಟ್ಯಾಂಪು 5, ಅದರ ಮೇಲಿನ ಸೆಸ್ಸು-ಸರ್ಚಾರ್ಜು ಸೇರಿ 5.6. ರಿಜಿಸ್ಟ್ರೇಶನ್ ಫೀಜು ಮೊದಲು 1 ಇತ್ತು, 2025ರ ಆಗಸ್ಟ್ 31ರಿಂದ 2. ಒಟ್ಟು 7.6 ಪರ್ಸೆಂಟು. ಎಪ್ಪತ್ತಕ್ಕೆ 5 ಲಕ್ಷದ 32 ಸಾವಿರ.

'ಅಂದ್ರೆ ಸಾರ್, ನಿಮ್ಮ ಕೈಗೆ ಉಳಿಯೋದು 64 ಲಕ್ಷದ 68 ಸಾವಿರ' ಅಂದಳು ಅಕ್ಕ. ಯಜಮಾನರು ಕನ್ನಡಕ ಸರಿ ಮಾಡ್ಕೊಂಡರು. 'ಅದನ್ನೇ ರೇಟು ಮಾಡಿ. ರಿಜಿಸ್ಟ್ರೇಶನ್ ನಾವೇ ಮಾಡಿಸ್ಕೋತೀವಿ.' ನೋಡಿ, ಇಲ್ಲಿದೆ ಕೈಚಳಕ. 64.68ಕ್ಕೆ ರಿಜಿಸ್ಟ್ರೇಶನ್ ಖರ್ಚು 4 ಲಕ್ಷದ 91 ಸಾವಿರ ಚಿಲ್ಲರೆ. ಎಲ್ಲಾ ಸೇರಿದ್ರೂ 69 ಲಕ್ಷದ 60 ಸಾವಿರದೊಳಗೆ. ಅವರಿಗೆ ಒಂದು ಪೈಸೆ ನಷ್ಟ ಇಲ್ಲ, ನಮಗೆ 40 ಸಾವಿರ ಉಳೀತು.

ಎಲ್ಲಿಂದ ಬಂತು ಆ ನಲವತ್ತು ಅಂತೀರಾ? ಅವರು ಕಟ್ತೀನಿ ಅಂದ ಟ್ಯಾಕ್ಸು ಮನೆ ರೇಟಿನೊಳಗೇ ಕೂತಿತ್ತು, ಆ ಟ್ಯಾಕ್ಸಿನ ಮೇಲೂ ಟ್ಯಾಕ್ಸ್ ಬೀಳ್ತಿತ್ತು. ಬೆಲ್ಲದ ಗಣಪನ ಹೊಟ್ಟೆ ಕೆರೆದು ಅವನಿಗೇ ನೈವೇದ್ಯ, ಮೇಲೆ ದಕ್ಷಿಣೆ ಬೇರೆ! (ಸರ್ಕಾರ ಗೊತ್ತು ಮಾಡಿರೋ ಗೈಡೆನ್ಸ್ ವ್ಯಾಲ್ಯೂ ಈ ರೇಟಿಗಿಂತ ಕೆಳಗಿದ್ರೆ ಮಾತ್ರ ಈ ಆಟ. ಅದು ಮೇಲಿದ್ರೆ ಸ್ಟ್ಯಾಂಪು ಅದರ ಮೇಲೇ ಬೀಳೋದು. ಮೊದಲು ಅದನ್ನ ನೋಡ್ಕೊಂಡು ಆಮೇಲೆ ಮೀಸೆ ತಿರುವಿ.)

ತಾಳಿ, ತಾಳಿ. ಭಾವ ಪೂರ್ತಿ ಪೆದ್ದ ಅಂತ ತೀರ್ಮಾನ ಮಾಡ್ಬೇಡಿ. ಕೈಯಲ್ಲಿ ಕಾಸಿಲ್ಲದವರಿಗೆ ಯಜಮಾನರ ಆಫರೇ ವಾಸಿ. 30ರಿಂದ 75 ಲಕ್ಷದೊಳಗಿನ ಸಾಲ ಅಂದ್ರೆ ಬ್ಯಾಂಕಿನವರು ಹೆಚ್ಚೆಂದ್ರೆ ಮನೆ ಬೆಲೆಯ 80 ಪರ್ಸೆಂಟ್ ಕೊಡ್ತಾರೆ, ರಿಜಿಸ್ಟ್ರೇಶನ್ ಖರ್ಚನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಎಪ್ಪತ್ತಾದ್ರೆ ಕೈಯಿಂದ ಹಾಕೋದು 14. ಅಕ್ಕನ ಲೆಕ್ಕದಲ್ಲಿ 18ರ ಹತ್ರ. ಆ ನಾಲ್ಕು ಲಕ್ಷ ಇಲ್ದಿದ್ರೆ ನಲವತ್ತು ಸಾವಿರ ಉಳಿಸೋ ಜಾಣತನ ತಗೊಂಡು ಏನ್ ಮಾಡ್ತೀರಿ? (ಅಕ್ಕನ ಹತ್ರ ಚೀಟಿ ಎತ್ತಿದ ದುಡ್ಡಿತ್ತು. ಭಾವನಿಗೆ ಅದು ಗೊತ್ತಾಗಿದ್ದೇ ಆವತ್ತು. ಆ ಕತೆ ಬೇರೆ.)

ಇನ್ನೊಂದು ಜಾತಿಯ ಧಾರಾಳಿಗಳಿದ್ದಾರೆ. 'ಕ್ರಯಪತ್ರದಲ್ಲಿ ನಲವತ್ತೈದು ಹಾಕೋಣ, ಉಳಿದಿದ್ದು ಕ್ಯಾಶು, ನಿಮಗೂ ಸ್ಟ್ಯಾಂಪು ಉಳೀತು' ಅಂತ ಕಿವೀಲಿ ಹೇಳೋರು. ನಿಮ್ಮ ಕಣ್ಣು ಮಿಂಚಿತು, ನೋಡಿದೆ ಬಿಡಿ! ನಾಳೆ ನೀವು ಅದನ್ನ ಎಂಬತ್ತಕ್ಕೆ ಮಾರಿದಾಗ ಕಾಗದದ ಪ್ರಕಾರ ನಿಮಗೆ ಮೂವತ್ತೈದು ಲಕ್ಷ ಲಾಭ, ನಿಜವಾಗಿ ಬಂದಿರೋದು ಹತ್ತು. ಕ್ಯಾಪಿಟಲ್ ಗೇನ್ಸ್ 12.5 ಪರ್ಸೆಂಟು, ಮೂವತ್ತೈದರ ಮೇಲೆ. ಅವನ ಕಪ್ಪು ನಿಮ್ಮ ಮುಖಕ್ಕೆ.

ಸರಿ, ಜೆ.ಪಿ. ನಗರಕ್ಕೆ ವಾಪಸ್ ಬರೋಣ. ಯಜಮಾನರು ಎರಡನೇ ರೌಂಡು ಕಾಫಿ ತರಿಸಿದ್ರು. ಆಮೇಲೆ ನಿಟ್ಟುಸಿರು ಬಿಟ್ಟು, ಮಗಳನ್ನ ಧಾರೆ ಎರೆದು ಕೊಡೋ ದನಿಯಲ್ಲಿ, 'ಆಯ್ತಮ್ಮ, ನಾಲ್ಕು ಲಕ್ಷ ಬಿಟ್ಟೆ. ಅರವತ್ತಾರು, ರಿಜಿಸ್ಟ್ರೇಶನ್ ನಿಮ್ದು' ಅಂದ್ರು. ಭಾವ ಎದ್ದು ನಿಂತು ಕೈ ಚಾಚಿಯೇ ಬಿಟ್ಟ. ನೀವೂ ಚಾಚ್ತಿದ್ರಿ ತಾನೆ? ನಾಲ್ಕು ಲಕ್ಷ ಸ್ವಾಮಿ, ಸುಮ್ನೇನಾ!

ಅಕ್ಕ ಭಾವನ ಅಂಗಿ ಚುಂಗು ಹಿಡಿದು ಕೂರಿಸಿದಳು. 66ಕ್ಕೆ 7.6 ಅಂದ್ರೆ 5 ಲಕ್ಷ. ಒಟ್ಟು 71! ಇಳಿಸದೇ ಇದ್ದಾಗಿನದಕ್ಕಿಂತ ಒಂದು ಲಕ್ಷ ಜಾಸ್ತಿ. ಮದುವೆ ಕಾಗದವನ್ನ ಟೀಪಾಯಿ ಮೇಲೆ ತಿರುಗಿಸಿ ಯಜಮಾನರ ಕಡೆ ತಳ್ಳಿದಳು. ಅವರು ಓದಿದ್ರು, ಅಕ್ಕನನ್ನ ನೋಡಿದ್ರು, ಮತ್ತೆ ಓದಿದ್ರು. 'ಯಾವ ಬ್ಯಾಂಕಲ್ಲಿ ಕೆಲಸ ನಿಮ್ದು?' 'ಮನೇಲೇ ಇರೋದು ಸಾರ್.'

ಅರವತ್ತನಾಲ್ಕೂವರೆಗೆ ಮುಗೀತು. ಬಾಕಿ ಕಂದಾಯ ಅವರದು, ರಿಜಿಸ್ಟ್ರೇಶನ್ ನಮ್ಮದು ಅಂತ ಅಗ್ರಿಮೆಂಟಲ್ಲೇ ಬರೆಸೋದು ಅಂತ ಮಾತಾಯ್ತು. ಎಲ್ಲಾ ಸೇರಿ ಹತ್ತಿರ ಹತ್ತಿರ 60 ಸಾವಿರ ಉಳೀತು. ಭಾವ ಚಪ್ಪಲಿ ಹಾಕ್ಕೊಂಡ. ನಾನೂ ಹಾಕ್ಕೊಂಡೆ. ಅಕ್ಕ ಬಾಗಿಲಲ್ಲಿ ನಿಂತು, ಸ್ವಲ್ಪ ನಾಚ್ಕೊಂಡು, ಹಿತ್ತಲ ಕಡೆ ನೋಡಿದಳು.

'ಸಾರ್, ಆ ಕುಂಡದಲ್ಲಿರೋ ಕರಿಬೇವಿನ ಗಿಡ... ಬಿಟ್ಟು ಹೋಗ್ತೀರಾ?'